ಮೋರಿ ದಾಟಿದ ಹೊಲಿಗೆ ಟೀಚರ್

ತುಟಿಯ ಎಡಮೂಲೆಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ನಕ್ಕರೂ ಸೂಜಿ ಬೀಳುತ್ತಿರಲಿಲ್ಲ. ಬೈಯುವಾಗ ಮಾತ್ರ ತೆಗೆದು ಸೆರಗಿಗೆ ಚುಚ್ಚಿಕೊಳ್ಳುವರು. ಸೂಜಿ ಸೆರಗಿಗೆ ಹೋಯಿತೆಂದರೆ ಹೊಲಿಗೆ ಕಲಿಯಲು ಕೂತ ನಾವು ಹುಷಾರಾಗುತ್ತಿದ್ದೆವು. ಪುತ್ತೂರಿನಾಚೆ ಆಲಂಕಾರಿನ ಕಡೆ, ನಮ್ಮ ಊರ ಶಾಲೆಯಲ್ಲಿ ಅವರು ಹೊಲಿಗೆ ಟೀಚರ್. ನಾನು ಮದುವೆಯಾಗಿ ಬಂದದ್ದು ಅವರ ಪಕ್ಕದ ಮನೆಗೆ. ನನಗೆ ರವಕೆ ಕತ್ತರಿಸಲು ಕಲಿಸಿದವರು ಅವರೇ. "ಬಟ್ಟೆಗೆ ಹೆದರಿದರೆ ಕತ್ತರಿ ಓರೆ ಹೋಗ್ತದೆ ಮಾರಾಯ್ತಿ" ಎನ್ನುತ್ತಿದ್ದರು.

ಅಂಥವರಿಗೆ ರಸ್ತೆಯ ಹೆದರಿಕೆ ಹಿಡಿಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ಕಬಕದ ಹತ್ತಿರ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇ ಹೋಗುತ್ತೇನೆ ಎನ್ನಿಸಿತಂತೆ. ಪುತ್ತೂರಿನ ಡಾಕ್ಟರು ಹೃದಯ ಗಟ್ಟಿಯುಂಟು ಎಂದರು. ಹೃದಯ ಗಟ್ಟಿಯಿದ್ದೂ ಟೀಚರ್ ಮೊದಲು ಬಸ್ಸು ಬಿಟ್ಟರು, ಆಮೇಲೆ ಪೇಟೆ ಬಿಟ್ಟರು, ಕೊನೆಗೆ ಶಾಲೆಗೂ ರಜೆ ಬರೆದು ಮನೆಯ ಗೇಟಿನೊಳಗೇ ಉಳಿದರು.

ಅಲ್ಲಿಂದ ಶುರುವಾಯಿತು ಮದ್ದುಗಳ ಮೆರವಣಿಗೆ. ಮಂತ್ರಿಸಿದ ನೂಲು ಕಟ್ಟಿಸಿದ್ದಾಯಿತು. ಅವರ ಗಂಡನಂತೂ ಒಂದು ಬೆಳಿಗ್ಗೆ, "ಒಮ್ಮೆ ನೀರಿಗೆ ದೂಡಿದ್ರೆ ಈಜು ತನ್ನಿಂದ ತಾನೇ ಬರ್ತದೆ" ಎಂದು ಕೈಹಿಡಿದು ಸುಬ್ರಹ್ಮಣ್ಯದ ಬಸ್ಸಿಗೆ ಹತ್ತಿಸಿಯೇಬಿಟ್ಟರು. ಅರ್ಧ ದಾರಿಯಲ್ಲಿ ಟೀಚರ್ ಕಿರುಚಿದ್ದಕ್ಕೆ ಡ್ರೈವರ್ ಬಸ್ಸು ನಿಲ್ಲಿಸಬೇಕಾಯಿತು. ಆಮೇಲೆ ತಿಂಗಳುಗಟ್ಟಲೆ ಅವರು ಅಂಗಳಕ್ಕೂ ಇಳಿಯಲಿಲ್ಲ.

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡು, ಮಂಗಳೂರಿನ ಮನಸ್ಸಿನ ಡಾಕ್ಟರಲ್ಲಿಗೂ ಹೋದರು. ಆ ಹಿರಿಯರು ಬಾಲ್ಯ ಕೇಳಿದರು, ಅಪ್ಪನನ್ನು ಕೇಳಿದರು, ಕನಸು ಕೇಳಿದರು. ಟೀಚರ್ ಅತ್ತುಕೊಂಡು ಬರುವರು. "ಅಪ್ಪನ ಕಥೆ ಪೂರ್ತಿ ಹೇಳಿ ಮುಗೀತು. ಗೇಟು ಮಾತ್ರ ಅಲ್ಲೇ ಉಂಟು" ಎಂದು ಒಮ್ಮೆ ನಕ್ಕರು. ಇನ್ನೊಬ್ಬರು ಚಾಪೆಯಲ್ಲಿ ಮಲಗಿ ಕೈಕಾಲು ಸಡಿಲ ಬಿಟ್ಟು ಉಸಿರಾಡಲು ಕಲಿಸಿದರು. ಚಾಪೆಯ ಮೇಲೆ ಒಳ್ಳೆಯ ನಿದ್ದೆ ಬರುತ್ತಿತ್ತು, ನಿಜ. ರಸ್ತೆಯಲ್ಲಿ ಚಾಪೆ ಹಾಸಲು ಆಗುತ್ತದೆಯೇ?

ಕೊನೆಗೆ ಒಬ್ಬ ಎಳೆ ಪ್ರಾಯದ ಡಾಕ್ಟರು ಸಿಕ್ಕಿದರು. "ದಿನಾ ಸ್ವಲ್ಪ ಸ್ವಲ್ಪ ದೂರ ಹೋಗಿ ಟೀಚರ್. ಒಬ್ಬರೇ ಹೋಗಿ. ಹೆದರಿಕೆ ಬಂದ ಜಾಗದಲ್ಲೇ ಕೂತುಬಿಡಿ. ಏರಿದ್ದು ಇಳಿಯಲೇಬೇಕು. ಇಳಿಯುವ ಮೊದಲು ಮನೆಗೆ ಓಡಿದ್ರೆ ಓಡುದೇ ಅಭ್ಯಾಸ ಆಗ್ತದೆ" ಎಂದರು. ಇಷ್ಟು ಸರಳವಾದದ್ದನ್ನು ಯಾರೂ ಮೊದಲೇ ಯಾಕೆ ಹೇಳಲಿಲ್ಲ ಎಂದು ನನಗೆ ಸಿಟ್ಟೇ ಬಂತು.

ಟೀಚರ್ ಹೊರಟರು. ಗೇಟು, ಗೇಟಿನಾಚೆಯ ಹಲಸಿನ ಮರ, ಹೀಗೆ. ಆದರೆ ನಮ್ಮ ಊರೆಂದರೆ ನಮ್ಮ ಊರು. ಗುರುತಿನವರು ದಾರಿಯಲ್ಲಿ ನಿಂತದ್ದನ್ನು ಕಂಡೂ ಕರೆಯದೆ ಇರುವುದು ಇಲ್ಲಿ ಮರ್ಯಾದೆಯಲ್ಲ. ಟೀಚರ್ ಬೆವರುತ್ತಾ ಒಂದು ಕಲ್ಲಿನ ಮೇಲೆ ಕೂತರೆ ಸಾಕು, ಹತ್ತಿರದ ಮನೆಯವರು ಓಡಿ ಬರುವರು.

"ಎಂತ ಟೀಚರೇ, ಬಿಸಿಲಿಗೆ ಕೂತದ್ದು? ಬನ್ನಿ, ಬನ್ನಿ!"

"ಇಲ್ಲ, ನಾನು ಇಲ್ಲೇ ಕೂತುಕೊಳ್ಬೇಕು, ಡಾಕ್ಟ್ರು ಹೇಳಿದ್ದಾರೆ."

"ಡಾಕ್ಟ್ರಿಗೆ ಎಂತ ಗೊತ್ತು ಮಾರಾಯ್ರೆ, ಒಂದು ಬೆಲ್ಲ ನೀರು ಕುಡಿದು ಹೋಗುವ!"

ಬೆಲ್ಲ ನೀರು ಕುಡಿಸಿ, ಗಾಳಿ ಬೀಸಿ, ಮನೆಯ ತನಕ ಬಿಟ್ಟು ಹೋಗುವರು. ಹೆದರಿಕೆ ಇಳಿಯಲು ಬಿಟ್ಟವರೇ ಇಲ್ಲ. ನಾನು ಮನೆಮನೆಗೆ ಹೋಗಿ ಹೇಳಿದೆ, ಜಗಳವನ್ನೂ ಆಡಿದೆ. "ಕಷ್ಟದಲ್ಲಿದ್ದವರನ್ನು ನೋಡಿಕೊಂಡು ಸುಮ್ಮನೆ ಇರ್ಲಿಕ್ಕೆ ನಾವೆಂತ ಪಿಶಾಚಿಗಳಾ?" ಎಂದು ನನಗೇ ತಿರುಗಿ ಬೈದರು.

ಆದರೂ ಟೀಚರ್ ಬಿಡಲಿಲ್ಲ. ಊರು ಉಣ್ಣುವ ಹೊತ್ತು ನೋಡಿ ಹೊರಡುತ್ತಿದ್ದರು. ಮಳೆ ಬರುವ ಮೊದಲೇ ತೋಡಿನ ಮೋರಿಯನ್ನು, ನೀರು ಅಡಿಯಲ್ಲಿ ಹರಿಯುವ ಆ ಸಣ್ಣ ಸೇತುವೆಯನ್ನು, ದಾಟಿದರು. ಮೋರಿಯಿಂದ ಎರಡು ತಿರುವು ಕಳೆದರೆ ಶಾಲೆ. ಇನ್ನು ರಜೆ ಸಿಗುವಂತಿರಲಿಲ್ಲ. ಶಾಲೆ ತೆರೆಯುವ ದಿನ ಹಾಜರಾಗದಿದ್ದರೆ ಕೆಲಸ ಹೋದಂತೆ ಎಂದು ಮೇಲಿನಿಂದ ತಿಳಿಸಿದ್ದರು.

ಆ ದಿನ ಇಸ್ತ್ರಿ ಹಾಕಿದ ಸೀರೆಯುಟ್ಟು ಒಬ್ಬರೇ ಹೊರಟರು. ನಾನು ಜಗಲಿಯಲ್ಲಿ ನಿಂತು ನೋಡಿದೆ. ಮರೆಯಾಗುವ ತನಕ ತಿರುಗಿ ನೋಡಲಿಲ್ಲ. ತುಸು ಹೊತ್ತಿನಲ್ಲಿ ಬಾಡಿಗೆ ಜೀಪೊಂದು ಹಾರ್ನ್ ಹೊಡೆಯುತ್ತಾ ಅವರ ಮನೆಯ ಅಂಗಳಕ್ಕೇ ಬಂತು. ಟೀಚರನ್ನು ಇಳಿಸುತ್ತಾ ಡ್ರೈವರ್ ಹೇಳಿದ: "ಶಾಲೆಯ ತಿರುವಿನಲ್ಲಿ ಬಿದ್ದಿದ್ರು ಪಾಪ. ನಾನು ನೋಡಿದ್ದು ಪುಣ್ಯ!"

"ಬಿದ್ದದ್ದಲ್ಲ, ಕೂತದ್ದು!" ಟೀಚರ್ ಅವನ ಕೈ ಕೊಡವಿದರು. "ಹೆದರಿಕೆ ಕಮ್ಮಿ ಆಗ್ತಾ ಇತ್ತು. ಶಾಲೆಯ ಬೆಲ್ಲು ಕೇಳ್ತಾ ಇತ್ತು ನಂಗೆ. ಬಿಡು ಬಿಡು ಅಂದ್ರೂ ಇವ ಜೀಪಿಗೆ ಎತ್ತಿ ಹಾಕಿದ."

ಮತ್ತೆ ಶಾಲೆಗೆ ಹೋಗಲು ತಿರುಗಿದರು. ಅಷ್ಟರಲ್ಲಿ ಅಂಗಳ ತುಂಬಿತ್ತು. ಗಂಡ ಒಂದು ರಟ್ಟೆ ಹಿಡಿದರು, ನೆರೆಯವರು ಇನ್ನೊಂದು. ಬೆಲ್ಲ ನೀರು ಬಂತು. ಬಿಡಿ ಅವರನ್ನು ಎಂದು ನಾನು ಕೂಗಿದ್ದು ನನಗೆ ಮಾತ್ರ ಕೇಳಿಸಿತು.

ಕೆಲಸ ಹೋಯಿತು. ಟೀಚರ್ ಮತ್ತೆ ಗೇಟು ದಾಟಲಿಲ್ಲ. ಊರ ಹುಡುಗಿಯರೇ ಮನೆಗೆ ಬಂದು ಹೊಲಿಗೆ ಕಲಿತರು. ಎಂಬತ್ತರ ದಶಕದ ಕೊನೆಗೆ, ಒಂದು ಜ್ವರದಲ್ಲಿ ತೀರಿಕೊಂಡರು.

ಆ ದಿನ ಅಂಗಳದಲ್ಲಿ ಯಾರೋ, "ಪಾಪ, ಎಷ್ಟು ಮಾಡಿದ್ರೂ ಟೀಚರಿಗೆ ಯಾವ ಮದ್ದೂ ಹತ್ತಲಿಲ್ಲ" ಎಂದರು.

"ಹತ್ತಿತ್ತು" ಎಂದೆ ನಾನು.

ಯಾರೂ ಕೇಳಿಸಿಕೊಳ್ಳಲಿಲ್ಲ. ದೂರದಿಂದ ಬಂದವರಿಗೆ ಬೆಂಚು ಹಾಕುವ ಗಡಿಬಿಡಿಯಲ್ಲಿದ್ದರು ಎಲ್ಲರೂ.