ಕಂಬಕ್ಕೆ ನೀರು, ಕೊಟ್ರಿಗೆ ಚೆಂಡು

ನಾವು ಓದುವಾಗ ಕೊಟ್ಟೂರಿನಲ್ಲಿ ಬಾಸ್ಕೆಟ್‌ಬಾಲ್ ಕಂಬಕ್ಕೂ ದಿನಾ ನೀರು ಹಾಕುತ್ತಿದ್ದೆವು. ಹೀಗೆಂದರೆ ನನ್ನ ಮಕ್ಕಳು ನಗುತ್ತಾರೆ. ಆದರೆ ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಹೈಸ್ಕೂಲು ಓದಿದ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಅವರು ನಗಲಾರರು.

ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ ಅದು. ನನ್ನ ಗೆಳತಿ ಶಮೀಮಳ ಅಪ್ಪ, ವೆಲ್ಡಿಂಗ್ ಅಂಗಡಿಯ ಅಬ್ದುಲ್ ಸಾಬರು, ನಮ್ಮ ಶಾಲೆಗೆ ಎರಡು ಕಂಬ ಮಾಡಿಕೊಟ್ಟಿದ್ದರು. ದಪ್ಪ ಕಬ್ಬಿಣದ ಪೈಪು, ಮೇಲೆ ಮುಂದಕ್ಕೆ ಚಾಚಿದ ತೋಳು, ಅದರ ತುದಿಗೆ ಮರದ ಹಲಗೆಗಳ ಭಾರವಾದ ಬೋರ್ಡು, ಬೋರ್ಡಿಗೊಂದು ರಿಂಗು. ಬುಡಕ್ಕೆ ಸಿಮೆಂಟ್ ಹಾಕಲೇಬೇಕೆಂದು ಅವರು ಹೇಳಿದ್ದರು. ಕಂಬ ಬಂತು, ಸಿಮೆಂಟ್ ಬರಲಿಲ್ಲ. ಗುಂಡಿ ತೋಡಿ, ಕಲ್ಲು ಜಡಿದು, ಎರೆಮಣ್ಣು ತುಂಬಿ ನಿಲ್ಲಿಸಿದರು.

ಎರೆಮಣ್ಣು ಚಳಿಗಾಲ ಮುಗಿಯುತ್ತಿದ್ದಂತೆ ಬಿರುಕು ಬಿಡುತ್ತದೆ. ಚಿಣ್ಣಿ ಬಿದ್ದರೆ ಮತ್ತೆ ಸಿಗದಷ್ಟು ಆಳದ ಬಿರುಕು. ಆಗ ಕಂಬ ಅಲ್ಲಾಡುತ್ತಿತ್ತು. ಸಂಜೆ ಆಟಕ್ಕೆ ಮುಂಚೆ ಒಂದು ಬಕೆಟ್ ನೀರನ್ನು ಬುಡದ ಸುತ್ತ ನಿಧಾನವಾಗಿ ಹನಿಸಿದರೆ ಮಣ್ಣು ಉಬ್ಬಿ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಸರದಿಯ ಮೇಲೆ ನಾವೇ ಹಾಕುತ್ತಿದ್ದೆವು. ಆ ಒದ್ದೆ ಮಣ್ಣಿನ ವಾಸನೆ, ಪಕ್ಕದ ಗಾಣದಿಂದ ಬರುವ ಶೇಂಗಾ ಎಣ್ಣೆಯ ವಾಸನೆ, ಕೈಗಂಟಿದ ಚೆಂಡಿನ ರಬ್ಬರಿನ ವಾಸನೆ, ಮೂರೂ ಸೇರಿದರೆ ನನಗೆ ಈಗಲೂ ಸಂಜೆ ಐದು ಗಂಟೆಯಾಗುತ್ತದೆ.

ನಮ್ಮ ತಂಡದಲ್ಲಿ ರಿಂಗಿನ ಹತ್ತಿರ ನಿಲ್ಲುವ ಸೆಂಟರ್ ಕೊಟ್ರಮ್ಮ. ನಮಗೆಲ್ಲ ಕೊಟ್ರಿ. ತರಗತಿಯ ಹುಡುಗರಿಗಿಂತ ಗೇಣುದ್ದ ಎತ್ತರ. ಆ ಎತ್ತರವನ್ನು ಅವಳು ಕದ್ದ ಮಾಲಿನಂತೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಕುತ್ತಿಗೆ ತಗ್ಗಿಸಿ, ಬೆನ್ನು ಬಾಗಿಸಿ ನಡೆಯುವಳು. ಮನೆಯಲ್ಲಿ ಅವಳ ಅಜ್ಜಿ ದಿನಕ್ಕೊಮ್ಮೆ ಹೇಳುತ್ತಿದ್ದಳು: "ಇನ್ನ ಬೆಳಿಬ್ಯಾಡ ನಮ್ಮವ್ವ. ನಿನಗ ಗಂಡು ಹುಡುಕಾಕ ಏಣಿ ತಗೊಂಡು ಹೋಗ್ಬೇಕಾಗ್ತೈತಿ."

ಶಮೀಮ ಮತ್ತು ನಾನು ಗಾರ್ಡ್‌ಗಳು. ಹಿಂದಿನಿಂದ ಚೆಂಡು ತರುವುದು, ಯಾರಿಗೆ ಕೊಡಬೇಕೆಂದು ನೋಡುವುದು ನಮ್ಮ ಕೆಲಸ. ನೋಡುವುದಂತೂ ನಮಗೆ ಗೊತ್ತೇ ಇರಲಿಲ್ಲ. ಇಬ್ಬರಿಗೂ ಚೆಂಡು ಕುಟ್ಟುತ್ತ ಓಡುವ ಹುಚ್ಚು, ದೂರದಿಂದ ರಿಂಗಿಗೆ ಎಸೆಯುವ ಹುಚ್ಚು. ಕೊಟ್ರಿ ರಿಂಗಿನ ಪಕ್ಕದಲ್ಲಿ ಹೊಲದ ಬೆದರುಗೊಂಬೆಯಂತೆ ನಿಂತಿರುತ್ತಿದ್ದಳು. ಅಪರೂಪಕ್ಕೆ ನೆನಪಾದರೆ ಅವಳ ಹೊಟ್ಟೆಯ ಮಟ್ಟಕ್ಕೆ ಎಸೆಯುತ್ತಿದ್ದೆವು. ಎದುರು ತಂಡದ ಕುಳ್ಳ ಹುಡುಗಿಯರು ಅದನ್ನು ನಡುವೆಯೇ ಕಿತ್ತುಕೊಳ್ಳುತ್ತಿದ್ದರು. ಹರಪನಹಳ್ಳಿಯ ತಂಡದೆದುರು ಹಾಗೆಯೇ ಸೋತು, ವಾಪಸು ಬರುವ ಬಸ್ಸಿನಲ್ಲಿ ಶಮೀಮ ಅಂದಳು: "ಇಷ್ಟುದ್ದ ಇದ್ದು ಏನ್ ಬಂತಲೇ ಕೊಟ್ರಿ? ಒಂದ್ ಚೆಂಡು ಹಿಡಿಯಾಕ ಬರಲ್ಲ."

ಕೊಟ್ರಿ ಕಿಟಕಿಯಾಚೆ ನೋಡುತ್ತ ಕೂತಳು. ಉತ್ತರ ಕೊಟ್ಟವರು ನಮ್ಮ ಆಟದ ಟೀಚರ್ ಶಾರದಮ್ಮ. ದಾವಣಗೆರೆಯಲ್ಲಿ ಕಾಲೇಜು ಓದುವಾಗ ಆಡಿ ಬಂದವರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ಜೊತೆ ಓಡುತ್ತಿದ್ದವರು.

"ಬಾವ್ಯಾಗ ನೀರು ತುಂಬೈತಿ. ನೀವು ಕೊಡ ಇಳಿಸಿಲ್ಲ. ಆಮ್ಯಾಲ ಬಾವಿಗೆ ಬೈತೀರಿ," ಅಂದರು.

ಮರುದಿನದಿಂದ ಪಾಠ ಶುರುವಾಯಿತು. ಕೊಟ್ರಿಯ ಎರಡೂ ಮಣಿಕಟ್ಟಿಗೆ ಶಮೀಮಳ ಕೆಂಪು ರಿಬ್ಬನ್ ಕಟ್ಟಿಸಿದರು. ಎದುರಾಳಿ ಯಾವ ಕಡೆ ಇದ್ದಾಳೋ ಅದರ ಇನ್ನೊಂದು ಕಡೆಯ ಕೈಯನ್ನು ಕೊಟ್ರಿ ಪೂರ್ತಿ ಎತ್ತಬೇಕು. ನಾವು ಆ ಕೈಗೇ ಎಸೆಯಬೇಕು.

"ಮುಖ ಯಾಕ ನೋಡ್ತೀಯ ಗಿರ್ಜಿ? ಮುಖದಾಗ ಏನೈತಿ? ಕೈ ಎಲ್ಲೈತಿ ನೋಡು. ಅದು ಮ್ಯಾಲ ಬರೋತನಕ ತಾಳು. ಅವಸರ ಮಾಡಿದ್ರ ಚೆಂಡು ಅವರ ಪಾಲು," ಎಂದು ಟೀಚರ್ ನನಗೆ ಹೇಳುತ್ತಿದ್ದರು.

ಕೊಟ್ರಿಗೆ ಕೈ ಎತ್ತುವುದೇ ಕಷ್ಟ. ಕೈ ಎತ್ತಿದರೆ ಬೆನ್ನು ನೆಟ್ಟಗಾಗುತ್ತದೆ, ಬೆನ್ನು ನೆಟ್ಟಗಾದರೆ ಇಡೀ ಮೈದಾನಕ್ಕೆ ಕಾಣುತ್ತಾಳೆ. ಮೊದಮೊದಲು ಕಿವಿಯ ತನಕ ಎತ್ತುವಳು, ತರಗತಿಯಲ್ಲಿ ಉತ್ತರ ಗೊತ್ತಿದ್ದೂ ನಾಚುವವರ ಹಾಗೆ. ಟೀಚರ್ ಕೂಗುತ್ತಿದ್ದರು: "ಇನ್ನ ಮ್ಯಾಲ! ನಿಮ್ಮಜ್ಜಿ ಇಲ್ಲಿಲ್ಲ!"

ಒಂದು ದಿನ ಆ ಕೈ ಪೂರ್ತಿ ಮೇಲೆ ಹೋಯಿತು. ನಾನು ಎಸೆದೆ. ಅಷ್ಟೆತ್ತರದಲ್ಲಿ ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಕೊಟ್ರಿ ಹಿಡಿದು, ತಿರುಗಿ, ಮೇಲಿನ ಗೂಡಿನಲ್ಲಿ ಡಬ್ಬಿ ಇಟ್ಟಷ್ಟು ಸಲೀಸಾಗಿ ರಿಂಗಿನೊಳಗೆ ಹಾಕಿದಳು. ಹಾಕಿ ತಾನೇ ಬೆರಗಾಗಿ ನಿಂತಳು.

ಆಮೇಲೆ ನಮಗೆ ಇನ್ನೊಂದು ರೋಗ ಹಿಡಿಯಿತು. ಎಲ್ಲ ಚೆಂಡೂ ಕೊಟ್ರಿಗೇ. ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಲ್ಲುವುದು. ಎದುರಾಳಿಗಳು ಮೂವರು ಮೂವರು ಅವಳಿಗೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತುತ್ತಿದ್ದರು. ಅವಳ ಮೊಣಕೈಯೆಲ್ಲ ತರಚುಗಾಯ. ಟೀಚರ್ ಮತ್ತೆ ಸೀಟಿ ಊದಿದರು.

"ಚೆಂಡು ಕೊಟ್ಟ ಮ್ಯಾಲ ನಿಮ್ಮ ಕೆಲಸ ಮುಗೀತೇನು? ಓಡ್ರಿ! ಮೂರು ಮಂದಿ ಆಕಿ ಹತ್ರ ಅದಾರ ಅಂದ್ರ ನಿಮ್ಮ ಹತ್ರ ಯಾರೂ ಇಲ್ಲ ಅಂತ. ಆಕಿ ವಾಪಸ್ ಕೊಡ್ತಾಳ, ತಗೊಳ್ರಿ." ಆಮೇಲೆ ಕೊಟ್ರಿಯ ಕಡೆ ತಿರುಗಿ: "ನೀನೂ ಅಷ್ಟ. ನಿಂತಲ್ಲೇ ನಿಂತು ಕಾಯಬ್ಯಾಡ. ಚೆಂಡು ಎಲ್ಲಿಗೆ ಹೊಂಟೈತೋ ಅಲ್ಲಿಗೆ ಎದುರು ಹೋಗು, ಅದು ಎಷ್ಟ ಸೊಟ್ಟ ಬರಲಿ. ಆ ಜಾಗದಾಗ ಆಗ್ಲೇ ಒಂದು ಕಂಬ ಐತಿ. ಇನ್ನೊಂದು ಬ್ಯಾಡ."

ನಾವೆಲ್ಲ ನಕ್ಕೆವು. ಕೊಟ್ರಿಯೂ ನಕ್ಕಳು. ಅಂದಿನಿಂದ ನಾನು ಬೇಕಂತಲೇ ಸೊಟ್ಟ ಎಸೆಯುವುದು, ಅವಳು ಬೈಯುತ್ತ ಓಡಿ ಹಿಡಿಯುವುದು ನಮ್ಮ ಆಟದೊಳಗಿನ ಆಟವಾಯಿತು.

ಟೀಚರ್ ಇನ್ನೂ ಒಂದು ಮಾತು ಹೇಳಿದ್ದರು. ಸೆಂಟರ್ ನಿಲ್ಲುವುದು ರಿಂಗಿಗೆ ಬೆನ್ನು ಮಾಡಿ, ಗಾರ್ಡಿಗೆ ಮುಖ ಮಾಡಿ. "ಆಕಿ ಬೆನ್ನ ಹಿಂದ ಏನ್ ನಡದೈತಿ ಅಂತ ಆಕಿಗೆ ಕಾಣಂಗಿಲ್ಲ. ನಿನಗ ಕಾಣ್ತೈತಿ. ಆಕಿ ಕಣ್ಣು ನೀನ, ಗಿರ್ಜಿ." ಆಗ ಅದು ಆಟದ ಮಾತಷ್ಟೇ ಆಗಿತ್ತು.

ಬೇಸಿಗೆ ರಜೆಗೆ ಮುಂಚೆ ಹರಪನಹಳ್ಳಿಯ ತಂಡ ನಮ್ಮೂರಿಗೆ ಬಂತು. ಗೆದ್ದವರು ಬಳ್ಳಾರಿಗೆ ಹೋಗುವ ಪಂದ್ಯ. ಊರಿನವರು ಬರುತ್ತಾರೆಂದು ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಿದ್ದರು. ಧೂಳು ಏಳಬಾರದೆಂದು ಟ್ರ್ಯಾಕ್ಟರ್ ಹನುಮಂತಪ್ಪನನ್ನು ಟ್ಯಾಂಕರಿನೊಂದಿಗೆ ಕರೆಸಿದ್ದರು. ಒಳ್ಳೆಯ ಮನುಷ್ಯ. ನೀರು ಚಿಮುಕಿಸಿ ಮುಗಿಸಿದ ಮೇಲೆ ಟ್ಯಾಂಕರಿನಲ್ಲಿ ಇನ್ನೂ ನೀರು ಉಳಿದಿತ್ತು. ಹುಡುಗಿಯರು ದಿನಾ ಕಂಬಕ್ಕೆ ನೀರು ಹಾಕುವುದನ್ನು ಅವನು ರಸ್ತೆಯಿಂದ ನೋಡುತ್ತಿದ್ದ. ಇವತ್ತು ಪಂದ್ಯ, ಪಾಪ ಅವಕ್ಕೆ ಪುರುಸೊತ್ತು ಎಲ್ಲಿ ಎಂದುಕೊಂಡು, ಪಶ್ಚಿಮದ ಕಂಬದ ಬುಡಕ್ಕೆ ಪೈಪು ಇಟ್ಟು ಉಳಿದದ್ದೆಲ್ಲ ಬಿಟ್ಟುಬಿಟ್ಟ. ಬಿರುಕುಗಳು ಗಟಗಟ ಕುಡಿದವು. ಮೇಲೆ ನೀರು ನಿಲ್ಲಲಿಲ್ಲ, ಹಾಗಾಗಿ ಯಾರಿಗೂ ಏನೂ ಕಾಣಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ, ಅವನ ಬಾಯಿಂದಲೇ.

ಕೊಟ್ರಿಯ ಅಜ್ಜಿಯೂ ಬಂದಿದ್ದಳು. ಮೊದಲ ಸಲ. ಹೆಂಗಸರ ಸಾಲಿನಲ್ಲಿ ಕೂತು ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು, ಮೊಮ್ಮಗಳು ಪೈಜಾಮ ಹಾಕಿದ್ದಕ್ಕೆ ಗೊಣಗುತ್ತಿದ್ದಳು.

ಮೊದಲರ್ಧ ನಾವು ಪೂರ್ವದ ಕಂಬದ ಕಡೆ ಆಡಿದೆವು. ಕೊಟ್ರಿ ಅಂದು ನಾನು ಹಿಂದೆಂದೂ ನೋಡದ ಕೊಟ್ರಿ. ಕೈ ಎತ್ತಿದರೆ ನಮಗೆ ಮೈದಾನದ ಯಾವ ಮೂಲೆಯಿಂದಲೂ ಕಾಣುತ್ತಿತ್ತು. ಅವಳು ವಾಪಸು ಕೊಟ್ಟ ಚೆಂಡನ್ನು ಶಮೀಮ ಮತ್ತೆ ಮತ್ತೆ ರಿಂಗಿಗೆ ಹಾಕಿದಳು. ಅರ್ಧದ ವಿರಾಮದಲ್ಲಿ ನಿಂಬೆಹಣ್ಣಿನ ಪಾನಕ ಕುಡಿಯುವಾಗ ನಾವು ಮುಂದಿದ್ದೆವು.

ಆಮೇಲೆ ಕಡೆ ಬದಲಾಯಿತು. ಪಶ್ಚಿಮದ ಕಂಬ.

ಸ್ವಲ್ಪ ಆಟ ನಡೆದಿತ್ತು. ಚೆಂಡು ಎರಡು ಸಲ ಜೋರಾಗಿ ಬೋರ್ಡಿಗೆ ಬಡಿದಿತ್ತು. ನಾನು ಚೆಂಡು ತಂದು ನಿಂತೆ. ಕೊಟ್ರಿ ರಿಂಗಿನ ಕೆಳಗೆ, ಬೋರ್ಡಿಗೆ ಬೆನ್ನು ಮಾಡಿ. ಹರಪನಹಳ್ಳಿಯ ಮೂವರು ಅವಳಿಗೆ ಅಂಟಿಕೊಂಡಿದ್ದರು. ಕೆಂಪು ರಿಬ್ಬನ್ನಿನ ಕೈ ಪೂರ್ತಿ ಮೇಲಿತ್ತು. ಎಸೆಯಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ನನ್ನ ತೋಳು ಆ ಕಡೆಗೆ ಹೊರಟೂ ಆಗಿತ್ತು.

ಆಗ ಆ ಕೈಯ ಹಿಂದೆ ಬೋರ್ಡು ಕಂಡಿತು. ಅದರ ಮೇಲಂಚು ಆಕಾಶದಲ್ಲಿ ಸರಿಯುತ್ತಿತ್ತು. ತೂಕಡಿಸುವವನ ತಲೆಯಂತೆ, ಬಹಳ ಮೆತ್ತಗೆ, ಕೊಟ್ರಿಯ ಕಡೆಗೆ.

ಕೂಗಬೇಕು ಅಂದುಕೊಂಡೆ. ಕೂಗಿದ್ದರೂ ಆ ಗದ್ದಲದಲ್ಲಿ ಯಾರಿಗೆ ಕೇಳುತ್ತಿತ್ತು? ಕೂಗಿ, ಅವಳು ಏನೆಂದು ಹಿಂತಿರುಗಿ ನೋಡಲು ನಿಂತಿದ್ದರೆ? ಕೈಗಳು ನನ್ನನ್ನು ಕೇಳದೆ ಕೆಲಸ ಮಾಡಿದವು. ಚೆಂಡನ್ನು ಅವಳ ಕೈಗೆ ಎಸೆಯದೆ ಬಲಗಡೆ, ಗೆರೆಯ ಹತ್ತಿರ, ಯಾರೂ ಇಲ್ಲದ ಕಡೆಗೆ ಎತ್ತರಕ್ಕೆ ಎಸೆದೆ. ಅಷ್ಟು ಸೊಟ್ಟ ನಾನು ತಮಾಷೆಗೂ ಎಸೆದಿರಲಿಲ್ಲ.

ಕೊಟ್ರಿ ಯೋಚಿಸಲಿಲ್ಲ. ಚೆಂಡು ಹೊರಟಿತು, ಅವಳೂ ಹೊರಟಳು. ಉದ್ದನೆಯ ಹೆಜ್ಜೆಗಳಲ್ಲಿ, ಕೈ ಎತ್ತಿಕೊಂಡೇ. ಅವಳಿಗೆ ಅಂಟಿಕೊಂಡಿದ್ದ ಮೂವರೂ ಅಂಟಿಕೊಂಡೇ ಓಡಿದರು. ಗೆರೆಯ ಹತ್ತಿರ ಅವಳು ಹಾರಿ ಚೆಂಡು ಹಿಡಿದು, ನನ್ನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು.

"ಲೇ ಗಿರ್ಜಿ, ಇವತ್ತೂ ಆಟ ಆಡ್ತೀಯೇನಲೇ?"

ಅವಳ ಮಾತು ಮುಗಿಯುವಷ್ಟರಲ್ಲಿ ಕಂಬ ಬಿತ್ತು. ಅವಳು ನಿಂತಿದ್ದ ಜಾಗಕ್ಕೇ ಬೋರ್ಡು ಬಡಿಯಿತು. ಹಲಗೆಗಳು ಸೀಳಿದವು. ರಿಂಗು ಮಣ್ಣಿನಲ್ಲಿ ಅರ್ಧ ಹೂತುಹೋಯಿತು. ಕಂಬದ ಬುಡ ಕಪ್ಪು ರಾಡಿ ಮೆತ್ತಿಕೊಂಡು ಹಲ್ಲಿನ ಬೇರಿನಂತೆ ಮೇಲೆದ್ದಿತ್ತು.

ಶಾರದಮ್ಮ ಟೀಚರ್ ಓಡಿಬಂದರು. ಸೀಟಿ ಬಾಯಲ್ಲೇ ಇತ್ತು, ಉಸಿರಾಡಿದಾಗಲೆಲ್ಲ ತೆಳ್ಳಗೆ ಊದುತ್ತಿತ್ತು. ನಮ್ಮವರು, ಅವರವರು ಎನ್ನದೆ ಒಬ್ಬೊಬ್ಬರ ಭುಜ ಮುಟ್ಟಿ ನೋಡಿದರು. ಆಮೇಲೆ ಸುಣ್ಣದ ಗೆರೆಯ ಮೇಲೆಯೇ ಕುಸಿದು ಕೂತು, "ಎಲ್ಲಾರೂ ಅದೀರಿ. ಎಲ್ಲಾರೂ ಅದೀರಿ," ಎನ್ನುತ್ತಲೇ ಇದ್ದರು.

ಅಜ್ಜಿ ಶೇಂಗಾ ಚೆಲ್ಲಿಕೊಂಡು ಬಂದಳು. ಕೊಟ್ರಿಯ ಕೈ, ತೋಳು, ಬೆನ್ನು ಸವರಿದಳು. ತಲೆ ಮುಟ್ಟಲು ನಿಲುಕಲಿಲ್ಲ. ಕೊಟ್ರಿ ಎಂದಿನ ಅಭ್ಯಾಸದಂತೆ ಬಗ್ಗಿದಳು.

"ಬಗ್ಗಬ್ಯಾಡ," ಅಂದಳು ಅಜ್ಜಿ. "ನೆಟ್ಟಗ ನಿಂದ್ರು. ಪೂರ್ತಿ ಅದೀಯೋ ಇಲ್ಲೋ ನೋಡ್ತೀನಿ."

ಕೊಟ್ರಿ ನೆಟ್ಟಗೆ ನಿಂತಳು. ಅಜ್ಜಿ ಕತ್ತೆತ್ತಿ, ಕಾಲಿನಿಂದ ತಲೆಯ ತನಕ, ಬಹಳ ಹೊತ್ತು ನೋಡಿದಳು.

ಹನುಮಂತಪ್ಪ ಟ್ರ್ಯಾಕ್ಟರಿನ ಗಾಲಿ ಹಿಡಿದುಕೊಂಡು ಅಳುತ್ತಿದ್ದ. "ಕಂಬಕ್ಕ ನೀರು ಬೇಕಂತ ನೀವ ದಿನಾ ಹಾಕ್ತಿದ್ರೆಲ್ಲವ್ವಾ... ನಾನೂ ಕುಡಿಸಿದೆ." ಅಬ್ದುಲ್ ಸಾಬರು ಅವನ ಬೆನ್ನು ತಟ್ಟಿದರು. "ಒಂದು ಬಕೀಟು ಕುಡಿಯೋ ಗಿರಾಕಿ ಅದು, ಹನುಮಂತಣ್ಣ. ನೀನು ಕೆರಿ ಕುಡಿಸಿದಿ." ಅಳುತ್ತಿದ್ದವನೂ ನಕ್ಕ. ನಾವೂ ನಕ್ಕೆವು, ನಗು ನಿಲ್ಲಲೇ ಇಲ್ಲ, ನಡುನಡುವೆ ಯಾರೋ ಅಳುತ್ತಿದ್ದರು.

ಪಂದ್ಯ ಅಲ್ಲಿಗೇ ನಿಂತಿತು. ಎರಡೂ ತಂಡದವರು ಬೇವಿನ ಮರದ ಕೆಳಗೆ ಕೂತು ಮಂಡಕ್ಕಿ, ಮಿರ್ಚಿ ತಿಂದೆವು. ಕೊಟ್ರಿಗೆ ಅಂಟಿಕೊಂಡಿದ್ದ ಹರಪನಹಳ್ಳಿಯ ಹುಡುಗಿಯೊಬ್ಬಳು ತನ್ನ ಪಾಲಿನ ಮಿರ್ಚಿಯನ್ನು ಅವಳ ಕಾಗದದಲ್ಲಿಟ್ಟು, "ನಿನ್ನ ಬಿಡಬ್ಯಾಡ್ರಿ ಅಂತ ನಮ್ಮ ಸರ್ ಹೇಳಿದ್ರು. ಬಿಟ್ಟಿದ್ರ ನಾನು ಅಲ್ಲೇ ನಿಂತಿರ್ತಿದ್ದೆ," ಅಂದಳು. ಅಷ್ಟು ಖಾರದ ಮಿರ್ಚಿ, ಅಷ್ಟು ರುಚಿಯಾದ ಮಂಡಕ್ಕಿ ಆಮೇಲೆ ನಾನು ತಿಂದಿಲ್ಲ. ನಾಲಿಗೆ ಉರಿಯುವುದೇ ಸುಖವಾಗಿತ್ತು.

ಆದರೂ ಕಂಬ ಬಿದ್ದ ಆ ಗಳಿಗೆ ನನ್ನನ್ನು ಬಿಟ್ಟಿಲ್ಲ. ಬಳ್ಳಾರಿಯಲ್ಲಿ ಡಿಗ್ರಿ ಓದುವಾಗ, ಮದುವೆಯಾದ ಮೇಲೆ, ಅಡುಗೆ ಮಾಡುತ್ತಿರುವಾಗ ಒಮ್ಮೆಲೇ ಆ ಬೋರ್ಡಿನ ಅಂಚು ಸರಿಯುತ್ತದೆ. ಮನಸ್ಸಿನಲ್ಲಿ ನಾನು ಕೆಲವು ಸಲ ಚೆಂಡನ್ನು ಕೆಂಪು ರಿಬ್ಬನ್ನಿಗೇ ಎಸೆದುಬಿಡುತ್ತೇನೆ. ಕೊಟ್ರಿ ನಿಂತಲ್ಲೇ ಹಿಡಿಯುತ್ತಾಳೆ. ಅಲ್ಲಿಂದ ಮುಂದಕ್ಕೆ ನೋಡಲು ನನಗೆ ಧೈರ್ಯವಿಲ್ಲ. ಕೈ ಒರೆಸಿಕೊಂಡು ಅವಳಿಗೆ ಫೋನ್ ಮಾಡುತ್ತೇನೆ. "ಮತ್ತ ಕಂಬ ಬಿತ್ತೇನಲೇ?" ಎಂದು ಅವಳು ಮೊದಲೇ ಕೇಳುತ್ತಾಳೆ.

ಈಗ ಆ ಮೈದಾನದಲ್ಲಿ ಕಾಂಕ್ರೀಟಿನ ಕಂಬಗಳಿವೆ. ಯಾರೂ ನೀರು ಹಾಕಬೇಕಿಲ್ಲ. ಒಳ್ಳೆಯದೇ ಆಯಿತು. ಆದರೆ ಸಂಜೆ ಬಕೆಟ್ ಹಿಡಿದು ಬರುವ ಹುಡುಗಿಯರೂ ಇಲ್ಲ. ಹೋದ ಸಲ ನೋಡಿದಾಗ ರಿಂಗಿನ ಕೆಳಗೆ ಮೋಟಾರ್ ಸೈಕಲ್‌ಗಳು ನಿಂತಿದ್ದವು. ಎರೆಮಣ್ಣಿನ ವಾಸನೆ ಸಿಮೆಂಟಿನಡಿ ಹೋಗಿದೆ. ಗಾಣ ನಿಂತಿದೆ. ಶಾರದಮ್ಮ ಟೀಚರ್ ಇಲ್ಲ. ನಮ್ಮ ಬೆನ್ನ ಹಿಂದೆ ಏನಿದೆಯೆಂದು ನೋಡಲು ಎದುರಿಗೊಬ್ಬಳನ್ನು ನಿಲ್ಲಿಸಿಕೊಂಡು ಆಡಿದ ಆ ಸಂಜೆಗಳಿಲ್ಲ.

ಕೊಟ್ರಿ ಇದ್ದಾಳೆ. ಹಡಗಲಿಯಲ್ಲಿ ಮನೆ, ಗಂಡ ಅವಳ ಭುಜಕ್ಕೆ ಬರುತ್ತಾನೆ. ಏಣಿ ಬೇಕಾಗಲಿಲ್ಲ. ಮೊನ್ನೆ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಗುತ್ತೇನೆಂದಿದ್ದಳು. ಇಳಿದರೆ ಜಾತ್ರೆಯಂಥ ಜನ. ಮುಖಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ಟೀಚರ್ ಮಾತು ನೆನಪಾಯಿತು. ಮುಖ ನೋಡುವುದು ಬಿಟ್ಟೆ, ತಾಳಿದೆ.

ಎಲ್ಲರ ತಲೆಗಳ ಮೇಲೆ, ಪೂರ್ತಿ ಎತ್ತಿದ ಕೈಯೊಂದು ಬಂತು.