ಮಾವನ ಕಾಲು ಮತ್ತು ನನ್ನ ಟೀ ಟ್ರೀ ಎಣ್ಣೆ

ಮೊನ್ನೆ ಮಗಳ ಕೋಣೆಯ ಮುಂದೆ ಹಾದುಹೋಗುವಾಗ ಒಂದು ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಕರ್ಪೂರ, ನೀಲಗಿರಿ ಎಣ್ಣೆ, ಆಗಷ್ಟೇ ಒರೆಸಿದ ಆಸ್ಪತ್ರೆಯ ನೆಲ, ಮೂರನ್ನೂ ಒಟ್ಟಿಗೆ ಮೂಸಿದ ಹಾಗೆ. ಒಳಗೆ ಅವಳು ಕನ್ನಡಿಯ ಮುಂದೆ, ಕೆನ್ನೆಯ ಮೇಲಿನ ಒಂದೇ ಒಂದು ಮೊಡವೆಯ ವಿರುದ್ಧ ಯುದ್ಧಕ್ಕೆ ನಿಂತಿದ್ದಳು. ಗೆಳತಿಯ ಮದುವೆ ಹತ್ತಿರ ಬಂದಿತ್ತು. ಕೈಯಲ್ಲಿ ಕಂದು ಬಣ್ಣದ ಪುಟ್ಟ ಸೀಸೆ.

"ಟೀ ಟ್ರೀ ಆಯಿಲಾ? ಅದರ ವಾಸನೆ ಬಂದ್ರೆ ನನಗೆ ಮಾವನ ಕಾಲೇ ನೆನಪಾಗುವುದು" ಎಂದೆ.

ಕೆನ್ನೆಯತ್ತ ಹೊರಟಿದ್ದ ಬೆರಳು ದಾರಿಯಲ್ಲೇ ನಿಂತಿತು. "ಅಪ್ಪ, ಇದು ಮುಖಕ್ಕೆ ಹಚ್ಚುವುದು. ಕಾಲಿನ ಸುದ್ದಿ ಎಂತಕ್ಕೆ ಈಗ?"

ಎಂತಕ್ಕೆಂದರೆ, ಆ ಎಣ್ಣೆ ಕೆಲಸ ಮಾಡುತ್ತದೆ ಎನ್ನಲು ನನ್ನ ಬಳಿ ಇದ್ದ ಏಕೈಕ ಪುರಾವೆ ಮಾವನ ಕಾಲು. ನಾನು ಕೊಣಾಜೆಯ ವಿಶ್ವವಿದ್ಯಾಲಯದ ಗುಡ್ಡ ಹತ್ತಿ ಸೂಕ್ಷ್ಮಜೀವಿಶಾಸ್ತ್ರ ಓದಿ ಇಳಿದವನು. ಮದುವೆಯ ಊಟದಲ್ಲಿ ಯಾರಾದರೂ ತಮ್ಮ ಅಜ್ಜಿಗೆ ಒಂದೇ ಕಷಾಯಕ್ಕೆ ಗುಣವಾಯಿತು ಎಂದರೆ, ಹೋಳಿಗೆ ಎಲೆಯಲ್ಲೇ ಬಿಟ್ಟು, "ಕಷಾಯ ಕುಡಿಯದ ಇನ್ನೊಬ್ಬ ಅಜ್ಜಿ ಇದ್ದರಾ, ಹೋಲಿಸಿ ನೋಡಲಿಕ್ಕೆ?" ಎಂದು ಕೇಳುವವನು. ನನ್ನ ಪಕ್ಕದ ಎಲೆಗೆ ಯಾರೂ ಬೇಗ ಕೂರುವುದಿಲ್ಲ. ಇಂಥವನು ಒಬ್ಬ ಮಾವನ ಎರಡು ಕಾಲುಗಳನ್ನು ನಂಬಿ ವರ್ಷಗಟ್ಟಲೆ ಊರಿಗೆಲ್ಲ ಒಂದೇ ಕತೆ ಹೇಳಿಕೊಂಡು ಬಂದ. ನೀವೂ ಕೇಳಿ.

ಮಾವ ಎಂದರೆ ಅಮ್ಮನ ಅಣ್ಣ. ಬಜಪೆಯ ಆಚೆ, ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುವ ದಾರಿಯ ಕೆಳಗೆ, ಒಂದು ದೇವಸ್ಥಾನದ ಅರ್ಚಕರು. ಅರ್ಚಕರ ಕೆಲಸ ಮಂತ್ರ ಹೇಳುವುದು ಎಂದು ನೀವು ತಿಳಿದಿರಬಹುದು. ನನ್ನ ಲೆಕ್ಕದಲ್ಲಿ ಅದು ಒದ್ದೆಯಾಗಿರುವ ಕೆಲಸ. ಬಾವಿಕಟ್ಟೆಯಲ್ಲಿ ಸ್ನಾನ, ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗುವುದು, ಅಭಿಷೇಕದ ನೀರಿನಲ್ಲಿ ನಿಲ್ಲುವುದು, ಯಾರಾದರೂ ಮುಟ್ಟಿದರೆ ಮತ್ತೆ ಬಾವಿಕಟ್ಟೆ. ಆ ವರ್ಷದ ಮಳೆಗಾಲ ಮುಗಿಯುವಾಗ ಮಾವನ ಕಾಲ್ಬೆರಳುಗಳ ಸಂದಿಯ ಚರ್ಮ ಬೆಳ್ಳಗಾಗಿ, ಒಡೆದು, ರಾತ್ರಿಯಿಡೀ ತುರಿಸುತ್ತಿತ್ತು.

ತುರಿಕೆ ಸಣ್ಣ ಸಂಗತಿ. ದೊಡ್ಡ ಸಂಗತಿ ದೀಪಾವಳಿ. ನಮ್ಮ ಕಡೆ ಮಳೆಗಾಲವಿಡೀ ದೇವರು ಗುಡಿಯಿಂದ ಹೊರಗೆ ಬರುವುದಿಲ್ಲ. ದೀಪಾವಳಿಗೆ ಮೊದಲ ಬಲಿ. ಅಂದರೆ ಅರ್ಚಕರು ಉತ್ಸವಮೂರ್ತಿಯನ್ನು ತಲೆಯ ಮೇಲೆ ಹೊತ್ತು, ಚೆಂಡೆಯ ತಾಳಕ್ಕೆ ಹೆಜ್ಜೆ ಹಾಕುತ್ತ, ಬರಿಗಾಲಲ್ಲಿ ಅಂಗಳ ಸುತ್ತುವುದು. ಮಾವ ಯೌವನದಿಂದಲೂ ಹೊತ್ತವರು. ಈ ಸಲ ದಾಯಾದಿಯ ಮಗನೊಬ್ಬ ತಯಾರಾಗಿ ನಿಂತಿದ್ದ. ಊರವರು ಕೂಡ, "ಭಟ್ರೇ, ಕಾಲು ಹೀಗುಂಟಲ್ಲ, ಅವನೇ ಹೊರಲಿ" ಎನ್ನತೊಡಗಿದ್ದರು. ಒಮ್ಮೆ ಆ ತಲೆಗೆ ಹೋದ ದೇವರು ಈ ತಲೆಗೆ ಮರಳುವುದಿಲ್ಲ ಎಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

"ಕಾಲು ನೋಯ್ತದೆ ಅಂತ ತಲೆ ಖಾಲಿ ಮಾಡುವುದಾ?" ಎಂದರು ನನ್ನ ಹತ್ತಿರ. ಅವರು ಹೇಳಿದ್ದು ತುಳುವಿನಲ್ಲಿ; ನನ್ನ ನೆನಪಿನಲ್ಲಿ ಕನ್ನಡದಲ್ಲಿ ಕೇಳಿಸುತ್ತದೆ. ನೆನಪಿನ ಮೇಲೆ ಅನುಮಾನ ಪಡಲು ಇದೊಂದೇ ಸಾಕಿತ್ತು. ಆಗ ನನಗೆ ಹೊಳೆಯಲಿಲ್ಲ.

ಬಂದರಿನಲ್ಲಿ ತೆಂಗಿನೆಣ್ಣೆಯ ಸಗಟು ವ್ಯಾಪಾರ ಮಾಡುವ ಗೆಳೆಯ ರಫೀಕನಿಗೆ ಈ ಸಂಕಟ ಹೇಳಿದೆ. ಅವನು ಗಲ್ಲಾದ ಹಿಂದಿನಿಂದ, ತನ್ನ ಅಣ್ಣ ದುಬೈಯಿಂದ ತಂದಿದ್ದ ಟೀ ಟ್ರೀ ಎಣ್ಣೆಯ ಸೀಸೆಯೊಂದನ್ನು ತೆಗೆದ.

"ಬೆರಳ ಸಂದಿಯ ಫಂಗಸ್ಸಿಗೆ ಒಳ್ಳೇದು ಅಂತಾರೆ ಮಾರಾಯ. ಆದ್ರೆ ಹಾಗೇ ಹಚ್ಚಬೇಡ. ಒಂದು ಚಮಚ ತೆಂಗಿನೆಣ್ಣೆಗೆ ನಾಲ್ಕು ಹನಿ. ಬಾಯಿಗಂತೂ ಹಾಕಲೇಬಾರದು."

"ನನಗೆ ಹೇಳ್ತೀಯಾ? ನಾನು ಇದನ್ನೇ ಓದಿದವ."

"ನೀನು ಓದಿದ್ದು ಸರಿ. ಹಚ್ಚುವುದು ನಿನ್ನ ಮಾವ ಅಲ್ವಾ?"

ಮಾವನ ಮನೆಯ ಜಗಲಿಯಲ್ಲಿ ಕೂತು ನಾನು ಪಾಠ ಮಾಡಿದೆ. ಬೆರೆಸಿ, ಮೊದಲು ಮೊಣಕೈಯ ಒಳಗಡೆ ಸ್ವಲ್ಪ ಹಚ್ಚಿ, ಒಂದು ದಿನ ಕಾಯಿರಿ, ಕೆಂಪಾಗದಿದ್ದರೆ ಮಾತ್ರ ಕಾಲಿಗೆ. ಮಾವ ಮಧ್ಯದಲ್ಲೇ ತಡೆದರು.

"ಬೆರೆಸುವುದು ಅಂದ್ರೆ?"

"ತೆಂಗಿನೆಣ್ಣೆಗೆ ಮಾವ."

"ಈ ಮನೆಯಲ್ಲಿ ಎಣ್ಣೆಗೆ ಎಣ್ಣೆ ಬೆರೆಸಿದವರಿಲ್ಲ."

ಇದು ನನಗೆ ಹೊಳೆಯಬೇಕಿತ್ತು. ದೇವರ ದೀಪಕ್ಕೆ ಭಕ್ತರು ಎಣ್ಣೆ ತಂದುಕೊಟ್ಟಾಗ ಮಾವ ಅಂಗೈಗೆ ಒಂದು ಹನಿ ಬಿಟ್ಟು, ಉಜ್ಜಿ, ಮೂಸಿ ನೋಡುತ್ತಿದ್ದರು. ಬೆರಕೆಯೆಂದು ಕಂಡರೆ ಆ ಡಬ್ಬಿಗೆ ಗುಡಿಯೊಳಗೆ ಪ್ರವೇಶವಿಲ್ಲ. ಹೊರಗಿನ ದೀಪಕ್ಕೆ ಅಷ್ಟೇ. ಅಂಥವರ ಕೈಗೆ ಶುದ್ಧ ಎಣ್ಣೆಯೊಂದನ್ನು ಕೊಟ್ಟು ಕಲಬೆರಕೆ ಮಾಡಿ ಎಂದಿದ್ದೆ. ನಾನು ಬಸ್ಸು ಹತ್ತಿದ್ದೇ ತಡ, ಮಾವ ಸೀಸೆಯನ್ನು ಹಾಗೆಯೇ, ಶುದ್ಧವಾಗಿ, ಒಡೆದ ಚರ್ಮದ ಮೇಲೆ ಬಗ್ಗಿಸಿದರು.

ಮರುದಿನ ಅತ್ತೆಯ ಫೋನು. "ನಿನ್ನ ಮಾವ ಹಿಮ್ಮಡಿಯಲ್ಲಿ ನಡೀತಾ ಇದ್ದಾರೆ, ಬಾತುಕೋಳಿಯ ಹಾಗೆ. ಎಂತ ಕೊಟ್ಟದ್ದು ನೀನು?"

ಚರ್ಮದ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಒಡೆದ ಚರ್ಮಕ್ಕೆ ಅದನ್ನು ಹಚ್ಚಲೇಬಾರದಿತ್ತು, ಕೆಂಪು ಇಳಿಯುವವರೆಗೆ ಮುಟ್ಟಬೇಡಿ ಎಂದು ಗದರಿ ಒಂದು ಕ್ರೀಮು ಬರೆದುಕೊಟ್ಟರು. "ಕಾಲನ್ನು ಒಣಗಿಸಿ ಇಟ್ಟುಕೊಳ್ಳಿ. ನೀರಿನಲ್ಲಿ ನಿಲ್ಲಬೇಡಿ."

"ಡಾಕ್ಟ್ರೇ, ಗರ್ಭಗುಡಿಯಲ್ಲಿ ನೀರು ಬಿಟ್ರೆ ಬೇರೆ ಎಂತ ಉಂಟು?" ಎಂದರು ಮಾವ.

ಚರ್ಮ ಸ್ವಲ್ಪ ಕೂಡಿಕೊಂಡ ಮೇಲೆ ಡಾಕ್ಟರನ್ನು ಕೇಳಿಕೊಂಡೇ ನಾನು ಎರಡನೆಯ ಸಲ ಪಾಠಕ್ಕೆ ಕೂತೆ. ಈ ಸಲ ವಿಜ್ಞಾನವನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದೆ.

"ಮಾವ, ತೀರ್ಥಕ್ಕೆ ಪಚ್ಚಕರ್ಪೂರ ಎಷ್ಟು ಹಾಕ್ತೀರಿ?"

"ಒಂದು ಚೂರು. ಹೆಚ್ಚಾದ್ರೆ ಕಹಿ ಆಗ್ತದೆ, ಜನ ಮುಖ ಸಿಂಡರಿಸ್ತಾರೆ."

"ಅದಕ್ಕೆ ಬೆರಕೆ ಅಂತ ಹೇಳ್ತೀರಾ?"

ಮಾವ ಒಳಗೆ ತಿರುಗಿ, "ಒಂದು ಚಮಚ ತೆಂಗಿನೆಣ್ಣೆ ತಾ" ಎಂದರು.

ನಾನು ಗೆದ್ದೆನೆಂದು ಬೀಗುವಷ್ಟರಲ್ಲಿ ಅತ್ತೆ ಚಮಚದೊಂದಿಗೆ ಬಂದು, "ತೀರ್ಥದ ಹಾಗೆ ಅಂತಾದ್ರೆ ಒಂದು ಹನಿ ಕುಡಿಯಲೂ ಬಹುದಲ್ಲ? ನನಗೆ ಮೊನ್ನೆಯಿಂದ ಕೆಮ್ಮು ಉಂಟು" ಎಂದರು. ನಾನು ಸೀಸೆಯನ್ನು ಕಿತ್ತುಕೊಂಡು, ಇದು ಹೊಟ್ಟೆಗೆ ಹೋದರೆ ವಿಷ, ಕಣ್ಣಿಗೂ ತಾಗಬಾರದು, ಮಕ್ಕಳ ಕೈಗೂ ಸಿಗಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. "ಹಾಗಾದ್ರೆ ತೀರ್ಥದ ಹೆಸರು ಯಾಕೆ ತೆಗೆದದ್ದು?" ಎಂದು ಅತ್ತೆ ಒಳಗೆ ಹೋದರು.

ಬೆರೆಸಿದ ಎಣ್ಣೆಯನ್ನು ದಿನವೂ ಹಚ್ಚಿಕೊಂಡು, ದೀಪಾವಳಿಯ ದಿನ ಮಾವ ದೇವರನ್ನು ಹೊತ್ತರು. ದೀಟಿಗೆ ಪಂಜಿನ ಬೆಳಕು, ಚೆಂಡೆಯ ಏರು, ಆ ಹೆಜ್ಜೆ. ಒಂದು ಸಲವೂ ತಪ್ಪಲಿಲ್ಲ. ನಾನು ಎಲ್ಲರಂತೆ ದೇವರನ್ನು ನೋಡಲಿಲ್ಲ. ಕಾಲನ್ನೇ ನೋಡುತ್ತ ನಿಂತಿದ್ದೆ. ಬೆರಳ ಸಂದಿ ಪೂರ್ತಿ ಒಣಗಿ ಗುಣವಾಗಿತ್ತು. ಎಣ್ಣೆ ಗೆದ್ದಿತು.

ಇಲ್ಲಿಗೆ ನನ್ನ ಕತೆ ಮುಗಿಯುತ್ತಿತ್ತು, ಪ್ರತಿ ಸಲವೂ. ಆದರೆ ಮಗಳು ನನ್ನ ಮಗಳೇ.

"ಅಪ್ಪ, ದೀಟಿಗೆಯ ಬೆಳಕಲ್ಲಿ, ಅಷ್ಟು ಜನರ ಮಧ್ಯೆ, ಕುಣಿಯುವ ಕಾಲಿನ ಬೆರಳ ಸಂದಿ ಕಂಡಿತಾ ನಿಮಗೆ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ, ನಾನಂತೂ ಕೇಳಿಕೊಂಡಿರಲಿಲ್ಲ. ಅಲ್ಲೇ ನಿಂತು ಮಾವನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದೆ. ಈಗ ಅವರು ದೇವಸ್ಥಾನದಿಂದ ಬಿಡುಗಡೆ ಪಡೆದು ಮನೆಯಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ. ನಾಲಗೆ ಅಲ್ಲ.

"ಗುಣ ಆಗಿತ್ತು ಅಂತ ಯಾರು ಹೇಳಿದ್ದು?" ಎಂದರು ಮಾವ. "ಹೆಜ್ಜೆ ಹೆಜ್ಜೆಗೆ ಉರೀತಿತ್ತು. ತಲೆಯ ಮೇಲೆ ದೇವರಿರುವಾಗ ಕೆಳಗೆ ನೋಡಲಿಕ್ಕೆ ಆಗ್ತದಾ? ಕಾಲು ಸರಿ ಆದದ್ದು ಆಮೇಲೆ, ನಿನ್ನ ಅತ್ತೆ ನನ್ನನ್ನು ಒದ್ದೆ ನೆಲಕ್ಕೆ ಇಳಿಯಲಿಕ್ಕೆ ಬಿಡದೆ ಕೂರಿಸಿದ ಮೇಲೆ. ಕ್ರೀಮಿನಿಂದಲೋ, ನಿನ್ನ ಎಣ್ಣೆಯಿಂದಲೋ, ಅವಳ ಬೈಗುಳದಿಂದಲೋ, ನನಗೆ ಗೊತ್ತಿಲ್ಲ."

"ಆಗಲೇ ಹೇಳಬಾರದಿತ್ತಾ ಮಾವ?"

"ನೀನು ಊರಿಡೀ ಖುಷಿಯಲ್ಲಿ ಹೇಳಿಕೊಂಡು ಹೋಗ್ತಾ ಇದ್ದೆ. ಓದಿದವನನ್ನು ಬೇಜಾರು ಮಾಡುವುದು ಎಂತಕ್ಕೆ ಅಂತ ಸುಮ್ಮನಾದೆ."

ಮಗಳು ತಲೆದಿಂಬಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಕೊನೆಯ ಆಸರೆಗೆಂಬಂತೆ ಕೇಳಿದೆ. "ಅಷ್ಟು ಉರಿಯುವಾಗ ಹೊತ್ತದ್ದು ಯಾಕೆ? ಆ ಹುಡುಗ ಇದ್ದನಲ್ಲ?"

"ಅವನಿಗೇ ಕೊಟ್ಟೆ ಮಾರಾಯ, ಮುಂದಿನ ವರ್ಷ. ಕಾಲು ಪೂರ್ತಿ ಸರಿ ಆದ ಮೇಲೆ, ನಾನೇ ಕರೆದು, ನನ್ನ ಕೈಯಾರೆ ಅವನ ತಲೆಗೆ ಇಟ್ಟೆ. ಕಾಲಿಲ್ಲ ಅಂತ ಕೊಡುವುದು ಬೇರೆ, ಕಾಲಿದ್ದು ಕೊಡುವುದು ಬೇರೆ ಅಲ್ವಾ?"

ಮುಂದಿನ ವರ್ಷದ ದೀಪಾವಳಿಗೂ ನಾನು ಹೋಗಿದ್ದೆ. ಯಾರ ತಲೆಯ ಮೇಲೆ ದೇವರಿದ್ದರೆಂದು ಎಷ್ಟು ತಡಕಿದರೂ ನೆನಪಾಗಲಿಲ್ಲ. ಎಣ್ಣೆ ಗೆದ್ದಾಗಿತ್ತಲ್ಲ, ಮತ್ತೆ ನೋಡುವುದಕ್ಕೆ ನನಗೇನಿತ್ತು?

ಮಗಳು ನಗು ನಿಲ್ಲಿಸಿ, "ಈಗ ಇದನ್ನು ಹಚ್ಚುವುದಾ ಬೇಡವಾ? ಮೊಡವೆ ಹೋಗ್ತದಾ?" ಎಂದಳು.

"ತೆಂಗಿನೆಣ್ಣೆಗೆ ಬೆರೆಸು, ಮೊದಲು ಕೈಗೆ ಹಚ್ಚಿ ನೋಡು, ಕಣ್ಣಿನ ಹತ್ತಿರ ಬೇಡ. ಹೋಗ್ತದಾ ಅಂತ ನನಗೆ ಗೊತ್ತಿಲ್ಲ."

ಅವಳು ಮೊಬೈಲು ಎತ್ತಿ ರೆಕಾರ್ಡಿಂಗ್ ಒತ್ತಿ, "ಇನ್ನೊಂದು ಸಲ ಹೇಳಿ ಅಪ್ಪ, ಕೊನೆಯ ಆ 'ಗೊತ್ತಿಲ್ಲ' ಮಾತ್ರ. ಅಮ್ಮನಿಗೆ ಕಳಿಸಬೇಕು" ಎಂದಳು.

ಹೇಳಿದೆ.