ಶರಣಪ್ಪನ ಬಲಗೈ

ಶರಣಪ್ಪ, ನಿನ್ನ ಬಲಗೈಯಲ್ಲಿ ಇದ್ದದ್ದು ಕ್ಯಾನ್ಸರ್ ಅಲ್ಲ. ಆ ಕೈ ಕತ್ತರಿಸಿದ ಹನ್ನೊಂದನೆಯ ದಿನ ಅದು ನನಗೆ ಗೊತ್ತಾಯಿತು. ಆರು ವರ್ಷ ಬಚ್ಚಿಟ್ಟೆ. ನೀನು ಹಬ್ಬಕ್ಕೊಮ್ಮೆ ಮನೆಗೆ ಬಂದು, "ನೀವು ಕೊಟ್ಟ ಜೀವ್ರಿ ಸರ" ಎನ್ನುವಾಗ ಚಹಾ ಕೊಟ್ಟು ಕಳಿಸಿದೆ.

ನನ್ನ ಬಾಗೇವಾಡಿಯ ಲ್ಯಾಬಿಗೆ ಬಂದಾಗ ನಿನಗೆ ಇಪ್ಪತ್ತೇಳು. ಮುದ್ದೇಬಿಹಾಳದಲ್ಲಿ ಲೈನ್‌ಮನ್. ಕಂಬ ಇಳಿಯುವಾಗ ಕಬ್ಬಿಣದ ಪಟ್ಟಿ ಮೊಣಕೈ ಕೆಳಗೆ ಬಡಿದಿತ್ತು. ಮೂರೇ ವಾರದಲ್ಲಿ ಅಲ್ಲಿ ನಿಂಬೆಹಣ್ಣಿನಷ್ಟು ಗಂಟು. ವಿಜಯಪುರದ ಒಬ್ಬ ಸರ್ಜನ್ ಅದರ ಚೂರು ತೆಗೆದು ನನಗೆ ಕಳಿಸಿದ್ದರು. ಕಾಯಿಲೆಗೆ ಹೆಸರು ಹೇಳುವುದು ನನ್ನ ಕೆಲಸ. ಆ ಹೆಸರನ್ನು ನಂಬಿ ಅವರು ಕತ್ತರಿಸುತ್ತಾರೆ. ಮೈಕ್ರೋಸ್ಕೋಪಿನ ಕೆಳಗೆ ಉದ್ದುದ್ದ ಜೀವಕೋಶಗಳು ಬಹಳ ಅವಸರದಿಂದ ಹೆಚ್ಚುತ್ತಿದ್ದ ಗುರುತು ಕಂಡಿತು. ಸಾರ್ಕೋಮಾ ಎಂದು ಬರೆದೆ — ಮಾಂಸ, ಕೊಬ್ಬು, ನರಗಳಂಥ ಮೆತ್ತನೆಯ ಭಾಗಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್.

ನನ್ನ ಕೈಕೆಳಗೆ ಆಗ ಡಾಕ್ಟರ್ ವೀಣಾ ಇದ್ದಳು. ಓದು ಮುಗಿಸಿ ಎರಡು ವರ್ಷವಾಗಿತ್ತಷ್ಟೆ. ಅವಳೂ ಆ ಸ್ಲೈಡ್ ನೋಡಿದಳು. "ಸರ್, ಪೆಟ್ಟು ಬಿದ್ದ ಜಾಗಾ ಐತಿ. ಮೂರು ವಾರದಾಗ ಇಷ್ಟು ಬೆಳದೈತಿ ಅಂದ್ರ ಇದು ಕ್ಯಾನ್ಸರ್ ಅಲ್ಲಂತ ಅನಸ್ತೈತ್ರಿ. ಜೀನ್ ಪರೀಕ್ಷಾ ಮಾಡಸೂಣ್ರಿ. ಎರಡು ವಾರ ಕಾದ್ರ ಸಾಕ್ರಿ."

ಅವಳು ಹೇಳಿದ್ದು ಏನೆಂದು ನಿನಗೆ ಗೊತ್ತಾಗಬೇಕು. ಕೆಲವು ಗಂಟುಗಳಲ್ಲಿ ಎರಡು ಜೀನುಗಳು ತಮ್ಮ ಜಾಗದಲ್ಲಿ ಮುರಿದು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಯಾವುದು ಯಾವುದಕ್ಕೆ ಬೆಸೆದಿದೆ ಎಂದು ನೋಡಿದರೆ ಗಂಟಿನ ನಿಜವಾದ ಹೆಸರು ಸಿಗುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಗಂಟುಗಳಲ್ಲಿ ಒಂದು ಕೊಲ್ಲುತ್ತದೆ. ಇನ್ನೊಂದು, ಸುಮ್ಮನೆ ಬಿಟ್ಟರೆ, ಕೆಲವು ತಿಂಗಳಲ್ಲಿ ತಾನಾಗಿ ಕರಗಿ ಹೋಗುತ್ತದೆ.

ಅವಳ ಮಾತು ಸರಿಯಿರಬಹುದೆಂದು ನನಗೂ ಅನಿಸಿತ್ತು, ಶರಣಪ್ಪ. ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳುವಂತಿದ್ದರೆ — ಇಲ್ಲ, ಅನಿಸಿತ್ತು. ಆದರೆ ಅವಳು ಅದನ್ನು ಲ್ಯಾಬಿನ ಹುಡುಗಿಯರೆಲ್ಲರ ಎದುರು ಹೇಳಿದ್ದಳು. ಅದೇ ಹೊತ್ತಿಗೆ ಸರ್ಜನ್ ಫೋನ್ ಮಾಡಿದರು. "ಗಂಟು ನರಕ್ಕೂ ರಕ್ತನಾಳಕ್ಕೂ ಅಂಟಕೊಂಡೈತ್ರಿ. ಅದನಷ್ಟ ಬಿಡಸಾಕ ಆಗೂದಿಲ್ಲ. ಕಾಯೂದೇನ್ರಿ?"

ವೀಣಾಳಿಗೆ ಕೇಳಿಸಲೆಂದೇ ದನಿ ಏರಿಸಿ ಹೇಳಿದೆ: "ಕೈ ನೋಡಬ್ಯಾಡ್ರಿ, ಜೀವ ನೋಡ್ರಿ. ತಗದು ಬಿಡ್ರಿ."

ಮೂರನೆಯ ದಿನ ಮೊಣಕೈ ಮೇಲಿನಿಂದ ನಿನ್ನ ಕೈ ತೆಗೆದರು.

ಸ್ಲೈಡ್ ನೋಡಿದ ದಿನವೇ ವೀಣಾ ನನಗೆ ಹೇಳದೆ ಒಂದು ಚೂರನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದಳು. ಕೈ ತೆಗೆದ ಹನ್ನೊಂದನೆಯ ದಿನ ವರದಿ ಬಂತು. ಬೆಸೆದುಕೊಂಡ ಎರಡೂ ಜೀನುಗಳ ಹೆಸರು ಅದರಲ್ಲಿತ್ತು — ತಾನೇ ಕರಗುವ ಗಂಟಿನ ಬೆಸುಗೆ ಅದು. ಅವಳು ಕಾಗದ ನನ್ನ ಮೇಜಿನ ಮೇಲಿಟ್ಟು, "ಅವಗ ಹೇಳೂಣ್ರಿ ಸರ್" ಎಂದಳು.

"ಹೇಳಿದ್ರ ಕೈ ಹೊಳ್ಳಿ ಬರತೈತೇನು?" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಾಯಿ ಬಿಟ್ಟರೆ, ಮಾದರಿಗಳನ್ನು ಅದಲುಬದಲು ಮಾಡಿದ್ದು ಅವಳೇ ಎಂದು ಬರೆದುಕೊಡುತ್ತೇನೆ ಎಂದು ಹೆದರಿಸಿದೆ. ಅವಳು ಮುಂದಿನ ತಿಂಗಳು ಕೆಲಸ ಬಿಟ್ಟು ಊರು ತೊರೆದಳು. ಸರ್ಜನ್‌ಗೂ ನಾನು ತಿಳಿಸಲಿಲ್ಲ.

ಇಷ್ಟೇ ಆಗಿದ್ದರೆ — ಆದರೆ ಇದಕ್ಕಿಂತ ಕೆಟ್ಟದ್ದನ್ನು ಆಮೇಲೆ ಮಾಡಿದೆ.

ತಂಗಡಗಿಯ ಶೋಭಾಳ ಜೊತೆ ನಿನ್ನ ನಿಶ್ಚಯವಾಗಿತ್ತು. ಕೈ ಹೋದ ಮೇಲೂ ಅವಳು ಹಿಂದೆ ಸರಿದಿರಲಿಲ್ಲ. ಇಬ್ಬರೂ ಒಂದು ದಿನ ಲ್ಯಾಬಿಗೆ ಬಂದಿರಿ. ನೀನು ಖಾಲಿ ತೋಳನ್ನು ಮಡಚಿ ಪಿನ್ ಹಾಕಿಕೊಂಡಿದ್ದೆ. "ಈ ಗಂಟು ಮತ್ತ ಬರೂದಿಲ್ಲಂತ ನಿಮ್ಮ ಬಾಯಿಲೆ ಒಂದ ಮಾತ ಹೇಳ್ರಿ ಸರ. ಹೇಳಿದ್ರ ಮದುವಿ ಮಾಡ್ಕೋತೇನ್ರಿ. ಇಲ್ಲಂದ್ರ ಈಕಿ ಬಾಳು ಯಾಕ ಹಾಳು ಮಾಡ್ಲಿ?"

ಆ ವರದಿ ನನ್ನ ಕಪಾಟಿನಲ್ಲಿತ್ತು. ಎಂದೂ ಬರುವುದಿಲ್ಲ ಎಂದುಬಿಟ್ಟರೆ ಯಾರಾದರೂ ಹೇಗೆ ಎಂದು ಕೇಳಬಹುದು, ಸರ್ಜನ್‌ಗೆ ಸುದ್ದಿ ಹೋಗಬಹುದು — ಎಷ್ಟು ಬೇಗ ಇಷ್ಟನ್ನೆಲ್ಲ ಯೋಚಿಸಿದೆನೋ. "ಇಂಥಾದ್ದು ಯಾವಾಗ ಹೊಳ್ಳಿ ಬರತೈತಿ ಅಂತ ಹೇಳಾಕ ಬರೂದಿಲ್ಲಪ್ಪ" ಎಂದೆ.

ಶೋಭಾ ನನ್ನ ಕಡೆ ನೋಡಲೇ ಇಲ್ಲ. "ಬಂದ್ರ ಬರ್ಲಿ, ನಾ ಅದೇನಿ" ಎಂದು ನಿನಗೇ ಹೇಳಿದಳು. ವಾರದಲ್ಲಿ ನೀನೇ ನಿಶ್ಚಯ ಮುರಿದೆ ಎಂಬ ಸುದ್ದಿ ಬಂತು. ಅವಳನ್ನು ಇಂಡಿ ಊರಿಗೆ ಮದುವೆ ಮಾಡಿ ಕೊಟ್ಟರು. ಈಗ ಇಬ್ಬರು ಮಕ್ಕಳು. ನೀನು ಒಂಟಿ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆಯೇನೋ ಎಂದು ಆರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್ ಮಾಡಿಸಿಕೊಂಡು, ಹೆದರಿಕೊಂಡೇ ಬಂದು ತೋರಿಸುತ್ತೀ. ನಾನು ಫಿಲಂ ಬೆಳಕಿಗೆ ಹಿಡಿದು, ಬೇಕೆಂದೇ ಸ್ವಲ್ಪ ಹೊತ್ತು ನೋಡಿ, "ಈ ಸಲಾ ಏನಿಲ್ಲ" ಎನ್ನುತ್ತೇನೆ. ನೀನು ಉಸಿರು ಬಿಡುತ್ತೀ.

ಆಪರೇಷನ್‌ಗೆ ಹೆದರಿದವರನ್ನೂ ನಿನ್ನ ಹತ್ತಿರ ಕಳಿಸಿದೆ. ಕಂಬದ ಕೆಲಸ ಹೋಗಿ ಆಫೀಸಿನಲ್ಲಿ ಕುಳಿತಿದ್ದ ನೀನು ರಜೆ ಹಾಕಿ ಬಂದು, ತೋಳಿನ ಮೋಟು ತೋರಿಸಿ ಅವರಿಗೆ ಧೈರ್ಯ ಹೇಳುತ್ತಿದ್ದೆ.

ಹೋದ ತಿಂಗಳು ಸಿಂದಗಿಯ ಒಬ್ಬ ತಂದೆಯನ್ನೂ ಮಗಳನ್ನೂ ನೀನೇ ನನ್ನ ಹತ್ತಿರ ಕರೆತಂದೆ. ಹುಡುಗಿಯ ತೊಡೆಯಲ್ಲಿ ಗಂಟು. ಅವಸರ ಬೇಡ, ಮೊದಲು ಜೀನ್ ಪರೀಕ್ಷೆಗೆ ಕಳಿಸೋಣ ಎಂದೆ. ಅವರು ಹೊರಗೆ ಹೋದ ಮೇಲೆ ನೀನು ಬಾಗಿಲಲ್ಲಿ ನಿಂತೆ. ನಿನ್ನ ದನಿಯಲ್ಲಿ ಸಂಶಯವಿರಲಿಲ್ಲ. "ನನ್ನ ಟೈಮಿಗೆ ಈ ಪರೀಕ್ಷಾ ಇರ್ಲಿಲ್ಲೇನ್ರಿ ಸರ?"

"ಇರ್ಲಿಲ್ಲಪ್ಪ" ಎಂದೆ.

"ಹಣೇಬರಹ ಬಿಡ್ರಿ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದೆ.

ಇತ್ತು, ಶರಣಪ್ಪ. ವರದಿಯ ಪ್ರತಿ ಈ ಪತ್ರದ ಜೊತೆಗಿದೆ. ಯಾವ ಡಾಕ್ಟರಿಗಾದರೂ ತೋರಿಸು. ನಿನಗೆ ಇನ್ನು ಯಾವ ಸ್ಕ್ಯಾನೂ ಬೇಕಿಲ್ಲ. ಇನ್ನೊಂದು ಪ್ರತಿಯನ್ನು, ನಾನು ಮಾಡಿದ್ದನ್ನೆಲ್ಲ ಬರೆದು, ವೀಣಾ ಹೇಳಿದ್ದನ್ನೂ ಬರೆದು, ವೈದ್ಯಕೀಯ ಮಂಡಳಿಗೆ ಕಳಿಸಿದ್ದೇನೆ. ಲ್ಯಾಬ್ ಮುಚ್ಚಿದ್ದೇನೆ. ಶೋಭಾಳ ವಿಷಯಕ್ಕೆ ನನ್ನಲ್ಲಿ ಬರೆಯಲು ಏನೂ ಇಲ್ಲ. ಯೋಚಿಸಿದೆ — ಏನೂ ಇಲ್ಲ.

ಸೋಮವಾರ ಮುದ್ದೇಬಿಹಾಳಕ್ಕೆ, ನಿನ್ನ ಆಫೀಸಿಗೆ ಬರುತ್ತೇನೆ, ಎಲ್ಲರೂ ಇರುವ ಹೊತ್ತಿಗೆ. ನಾನು ನಿನ್ನ ಜೀವ ಉಳಿಸಿದೆನೆಂದು ಯಾರಿಗೆಲ್ಲ ಹೇಳಿದ್ದೀಯೋ ಅವರ ಎದುರೇ ಹೇಳಬೇಕು. ನನ್ನನ್ನು ಕಂಡ ಕೂಡಲೇ ಎದ್ದು ನಿಲ್ಲಬೇಡ.